ಬಾಗಿಲ ಬಳಿಯ ಹಳದಿ ಗಿಡಗಳು

ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಮನೆಯ ನೊಣಬಲೆಯ ಒಳಬದಿಗೆ ಹನಾದಿ ಕುಕ್ಕರುಗಾಲಲ್ಲಿ ಕೂತಿದ್ದಳು, ಹೊರಬದಿಗೆ ರುವೈದಾ. ಇಬ್ಬರ ನಡುವೆ ಒಂದೇ ಸೂಜಿ. ಒಳಗಿನಿಂದ ಹನಾದಿ ಚುಚ್ಚಿದರೆ ಹೊರಗೆ ರುವೈದಾ ಹಿಡಿದು ಎಳೆಯುವಳು. ನೂಲು ಬಿಗಿಯಾದ ಮೇಲೆ ತುಸು ಕೆಳಗೆ ಮತ್ತೆ ಒಳಕ್ಕೆ ತಳ್ಳುವಳು. ಬಲೆಯ ಕಣ್ಣು ಸಾಸಿವೆಗಿಂತ ಸಣ್ಣದು. ದಬ್ಬಣ ಹಾಕಿದರೆ ಹೊಲಿದ ಜಾಗವೇ ಜರಡಿಯಾಗುತ್ತದೆಂದು ಬಟ್ಟೆ ಹೊಲಿಯುವ ಸೂಜಿಯನ್ನೇ ತಂದಿದ್ದರು. ಹರಿದದ್ದು ಒಂದು ಮೊಳವೂ ಇರಲಿಲ್ಲ. ಆದರೂ ಬಿಸಿಲು ಪೂರ್ವದ ಬೆಟ್ಟ ದಾಟಿ ಪ್ಲಾಸ್ಟಿಕ್ ಮನೆಯ ಬೆನ್ನ ಮೇಲೆ ಬೀಳುವವರೆಗೂ ಇಬ್ಬರೂ ತುಟಿ ಬಿಚ್ಚಲಿಲ್ಲ.

ರುವೈದಾಳ ಮೌನ ಯಾರಿಗೂ ಹೊಸದಲ್ಲ. ನೆಂಟರು ಬಂದರೆ ಚಹಾದ ತಟ್ಟೆ ಇಟ್ಟು ಗೋಡೆಯ ಬಣ್ಣವಾಗಿಬಿಡುವ ಹುಡುಗಿ ಅವಳು. ಆದರೆ ಹನಾದಿಯ ಮೌನ ಹೊಸದು. ಹೋದ ವಸಂತದಲ್ಲಿ ರುವೈದಾಳ ಅಣ್ಣ ನವ್ವಾಫನ ಹೆಂಡತಿಯಾಗಿ ಸಾಫಿಯಿಂದ, ಮೃತ ಸಮುದ್ರದ ದಕ್ಷಿಣ ತುದಿಯ ಊರಿನಿಂದ, ಈ ಕಣಿವೆಯ ದೇರ್ ಅಲ್ಲಾಕ್ಕೆ ಬಂದವಳು ಮೊದಮೊದಲು ಟೊಮೆಟೊ ಗಿಡಗಳ ಜೊತೆಗೂ ಮಾತಾಡುತ್ತಿದ್ದಳು. ಈಗ ತಿಂಗಳಿಂದ ಬಾಯಿಗೆ ಬೀಗ.

ಸೂಜಿ ಈಚೆ ಬಂದಾಗಲೆಲ್ಲ ಅದನ್ನು ತಳ್ಳಿದ ಬೆರಳೂ ಬಲೆಗೆ ಒತ್ತಿ ಕಾಣುತ್ತಿತ್ತು. ಅತ್ತಿಗೆಯ ಉಗುರುಗಳ ಒಳಗೆ ಕಪ್ಪು ಮಣ್ಣು. ಇನ್ನೂ ಆರದ, ಹಸಿ ಮಣ್ಣು. ಬೆಳಗಿನಿಂದ ಯಾರೂ ಮಣ್ಣು ಮುಟ್ಟುವ ಕೆಲಸ ಮಾಡಿಲ್ಲ. ನೀರು ಬಿಡುವ ಸರದಿ ಸಂಜೆಗೆ. ಹಾಗಾದರೆ ಈ ಮಣ್ಣು ಎಲ್ಲಿಯದು ಎಂದು ರುವೈದಾ ಯೋಚಿಸಿದಳು. ಕೇಳಲಿಲ್ಲ. ಕೇಳುವ ಅಭ್ಯಾಸ ಅವಳಿಗಿಲ್ಲ.

“ಬಲೆ ಹರಿದದ್ದು ಬೆಕ್ಕಿರಬೇಕು,” ಎಂದಿದ್ದ ನವ್ವಾಫ್, ಹಿಂದಿನ ಸಂಜೆ.

“ಬೆಕ್ಕು ಕತ್ತರಿ ಇಟ್ಕೊಂಡು ಓಡಾಡತ್ತೇನಪ್ಪ ಈಗ?” ಎಂದಿದ್ದಳು ಅಮ್ಮ, ಊರವರ ಬಾಯಲ್ಲಿ ಉಮ್ ನವ್ವಾಫ್, ಎಂದರೆ ನವ್ವಾಫನ ತಾಯಿ. ಮಗನ ಮುಖ ನೋಡಿ ಹೇಳಿದರೂ ಮಾತು ಹೋಗಿ ಬಿದ್ದದ್ದು ಸೊಸೆಯ ಮೇಲೆ. ಆಮೇಲೆ ಮಗಳನ್ನು ಅಡಿಗೆಮನೆಗೆ ಕರೆದು ದನಿ ತಗ್ಗಿಸಿದ್ದಳು: “ನೀನು ಬಾಯಿಗಿಂತ ಕಣ್ಣು ಜಾಸ್ತಿ ಇರೋಳು. ಅವಳ ಮೇಲೆ ಒಂದು ಕಣ್ಣಿಟ್ಟಿರು.”

ಅಮ್ಮನ ಸಂಶಯಕ್ಕೆ ಕಾರಣ ಇತ್ತು. ಅವರದ್ದು ಎರಡೇ ಪ್ಲಾಸ್ಟಿಕ್ ಮನೆ, ವರ್ಷದ ಅನ್ನ ಪೂರಾ ಅದರೊಳಗೆ. ದೊಡ್ಡ ಮನೆಯಲ್ಲಿ ಬಾಗಿಲ ಬಳಿಯ ಗಿಡಗಳ ತುದಿ ಎಲೆಗಳು ಇದ್ದಕ್ಕಿದ್ದಂತೆ ಬಟ್ಟಲಿನ ಹಾಗೆ ಮೇಲಕ್ಕೆ ಮುದುಡಿಕೊಂಡಿದ್ದವು. ಅಂಚೆಲ್ಲ ಹಳದಿ. ಗಿಡ ಅಲ್ಲಿಗೇ ನಿಂತುಬಿಟ್ಟಿತ್ತು, ಹೂವು ಕಾಯಾಗದೆ ಉದುರುತ್ತಿತ್ತು. ಅದನ್ನು ಮೊದಲು ಕಂಡವಳು ಹನಾದಿಯೇ. “ಅತ್ತೆ, ಇದು ಎಲೆ ಮುಟುರು ರೋಗ. ಹೋದ ವರ್ಷ ನಮ್ಮಪ್ಪನ ಬೆಳೆ ಪೂರ್ತಿ ಹೋಗಿದ್ದು ಇದರಲ್ಲೇ,” ಎಂದು ಓಡಿಬಂದಿದ್ದಳು.

ಅಮ್ಮ ಕೈಲಿದ್ದ ಸೌಟು ಕೆಳಗಿಟ್ಟು ನಿಧಾನವಾಗಿ ಹೇಳಿದ್ದಳು: “ನಿಮ್ಮನೆ ರೋಗದ ಹೆಸರು ನನ್ಮನೇಲಿ ಎತ್ತಬೇಡ. ಇದು ಚಳಿಗೆ ಬಂದಿರೋದು. ಬಿಸಿಲು ಬಂದ್ರೆ ಸರಿ ಹೋಗತ್ತೆ.”

ಬಿಸಿಲು ಬಂತು, ಸರಿ ಹೋಗಲಿಲ್ಲ. ಹಳದಿ ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಹತ್ತಿತು. ಆಗ ಅಮ್ಮನಿಗೂ ಆ ಹೆಸರು ನೆನಪಾಯಿತು, ಹೆಸರು ತಂದವರು ಯಾರೆಂಬುದೂ.

ಪಕ್ಕದ ಮನೆಯ ಉಮ್ ಸಾಯೆಲ್ ಅದಕ್ಕೆ ಗಾಳಿ ಹಾಕಿದಳು. ಚಳಿಗಾಲದಲ್ಲಿ ಇಬ್ಬರು ಹೆಂಗಸರಿಗೂ ಪ್ಲಾಸ್ಟಿಕ್ ಮನೆಯೇ ಪಡಸಾಲೆ. ಹೊರಗೆ ತಣ್ಣನೆ ಗಾಳಿ, ಮಂಡಿಯಲ್ಲಿ ನೋವು; ಒಳಗೆ ಹಬೆ ತುಂಬಿದ ಹಮಾಮಿನ ಬಿಸಿ. ಹತ್ತು ಗಂಟೆಯ ಹೊತ್ತಿಗೆ ಕಾಲುವೆಯ ದಂಡೆಯಲ್ಲಿ ಮಳೆಗೆ ಎದ್ದ ಖುಬ್ಬೇಜ ಸೊಪ್ಪನ್ನು ಮಡಿಲು ತುಂಬ ಕಿತ್ತು ತಂದು, ಬಾಗಿಲ ಒಳಗೆ ತರಕಾರಿ ಪೆಟ್ಟಿಗೆ ಬೋರಲು ಹಾಕಿ ಕೂತು, ಎಲೆ ಬಿಡಿಸುತ್ತ ಊರಿನ ಸುದ್ದಿ ಬಿಡಿಸುತ್ತಿದ್ದರು. ಮಣ್ಣು ಕೊಡವಿ, ದಂಟು ಮುರಿದು, ಎಲೆ ಬುಟ್ಟಿಗೆ, ದಂಟು ಗಿಡದ ಬುಡಕ್ಕೆ. ಆ ಇಡೀ ಓಣಿಯ ಹೆಂಗಸರು ಚಳಿಗಾಲ ಕಳೆಯುವುದೇ ಹೀಗೆ. ಅವರ ಅತ್ತೆಯರೂ ಹಾಗೇ ಕಳೆದಿದ್ದರು, ಪ್ಲಾಸ್ಟಿಕ್ ಬಂದ ದಿನದಿಂದ.

“ನಂಗೆ ಗೊತ್ತಿರೋದು ಇಷ್ಟೇ ಉಮ್ ನವ್ವಾಫ್,” ಎನ್ನುತ್ತಿದ್ದಳು ಉಮ್ ಸಾಯೆಲ್, “ಸಾಫಿ ಹೆಣ್ಣು ಬರೋಕೆ ಮುಂಚೆ ನಿಮ್ ಟೊಮೆಟೊ ನೋಡಿ ನಂಗೆ ಹೊಟ್ಟೆ ಉರೀತಿತ್ತು. ಈಗ ನೋಡಿ, ಅಯ್ಯೋ ಅನ್ಸತ್ತೆ.”

“ನಿನ್ ಹೊಟ್ಟೆ ಉರಿದಿದ್ದಕ್ಕೇ ಹಿಂಗಾಗಿರಬೇಕು.”

“ನನ್ ಕಣ್ಣಿಗೆ ಪೊರೆ ಬಂದಿದೆ ಕಣೇ. ಅದರಲ್ಲಿ ದೃಷ್ಟಿ ಹಾಕೋಷ್ಟು ಶಕ್ತಿ ಎಲ್ಲಿ? ನಿನ್ ಸೊಸೆ ಕಣ್ ನೋಡು, ಸರಿಯಾಗಿ.”

ಇಬ್ಬರೂ ನಗುತ್ತಿದ್ದರು. ಗಿಡಗಳ ಸಾಲಿನಾಚೆ ದಾರ ಕಟ್ಟುತ್ತಿದ್ದ ಹನಾದಿಗೆ ಅದು ಕೇಳಿಸುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕೇಳಲಿ ಎಂದೇ ಆಡುತ್ತಿದ್ದರು.

ರುವೈದಾ ಎಂಟನೇ ತರಗತಿಯಲ್ಲಿದ್ದಾಗ ಅಮ್ಮನ ಮಂಡಿ ಕೈಕೊಟ್ಟು, ಗಿಡ ಕಟ್ಟಲು ಒಂದು ಜೊತೆ ಕೈ ಬೇಕಾಗಿ ಶಾಲೆ ಬಿಟ್ಟವಳು. ಅಂದಿನಿಂದ ಅವಳ ಓದೆಲ್ಲ ಮುಖಗಳದ್ದು. ಅತ್ತಿಗೆಯ ಮುಖವನ್ನೂ ಹಾಗೇ ಓದಲು ನೋಡಿದಳು. ಅಲ್ಲಿ ಏನೋ ಬಚ್ಚಿಟ್ಟಂತಿತ್ತು. ಅಮ್ಮ ಹೇಳಿದ್ದಕ್ಕಲ್ಲ, ತನಗೇ ಕಂಡದ್ದಕ್ಕೆ ಅವಳಿಗೆ ಸಂಶಯ ಹತ್ತಿತು.

ಬಲೆ ಹೊಲಿದ ಮಾರನೆಯ ಬೆಳಗ್ಗೆ, ಮಸೀದಿಯ ಕರೆ ಮುಗಿದು ಬೆಳಕು ಹರಿಯುತ್ತಿದ್ದ ಹೊತ್ತಿಗೆ, ರುವೈದಾ ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತಳು. ಪ್ಲಾಸ್ಟಿಕ್ಕಿನ ಒಳಮೈ ತುಂಬ ಇಬ್ಬನಿ, ಒಳಗಿನದೆಲ್ಲ ನೀರಲ್ಲಿ ಅದ್ದಿದಂತೆ ಮಸಕು. ಆ ಮಸಕಿನಲ್ಲಿ ಒಂದು ಹಳದಿ ಚುಕ್ಕೆ ಚಲಿಸುತ್ತಿತ್ತು. ಹನಾದಿಯ ತಲೆವಸ್ತ್ರ. ಅವಳು ಒಂದು ಗಿಡದ ಮುಂದೆ ನಿಂತು, ಮಲಗಿದ ಕೋಳಿಯ ಮೇಲೆ ಬುಟ್ಟಿ ಕವುಚುವ ಹಾಗೆ ಸದ್ದಿಲ್ಲದೆ ಕಪ್ಪು ಚೀಲವೊಂದನ್ನು ಮೇಲಿನಿಂದ ಇಳಿಸಿದಳು. ಬುಡದಲ್ಲಿ ಬಾಯಿ ಕಟ್ಟಿದಳು. ಆಮೇಲೆ ಚಾಕು. ಚೀಲವನ್ನು ಎದೆಗವಚಿಕೊಂಡು ಹೊರಬಂದು, ಅತ್ತಿತ್ತ ನೋಡಿ, ಕಾಲುವೆಯ ಕಡೆಯ ಜಾಲಿಮರದ ಬುಡಕ್ಕೆ ಹೋಗಿ ಗುದ್ದಲಿಯಿಂದ ಅಗೆದಳು. ಹೂಳುವಾಗ ತುಟಿಗಳು ಅಲುಗುತ್ತಿದ್ದವು.

ರುವೈದಾ ಟ್ಯಾಂಕಿಗೆ ಇನ್ನಷ್ಟು ಒತ್ತಿ ನಿಂತಳು. ಮಾಟ ಮಾಡುವವರು ಹೂಳುವುದು ಹೀಗೇ ಎಂದು ಅವಳು ಕೇಳಿದ್ದಳು. ಹೊತ್ತು ಇದೇ, ಜಾಗ ಇಂಥದ್ದೇ.

ಅಮ್ಮ ಹಿಟ್ಟು ನಾದುತ್ತಿದ್ದಳು. ರುವೈದಾ ಬಾಗಿಲಲ್ಲಿ ನಿಂತು, ಕಂಡದ್ದನ್ನು ಕಂಡ ಹಾಗೇ ಹೇಳಿದಳು. ಅಮ್ಮನ ಕೈ ಹಿಟ್ಟಿನಲ್ಲಿ ನಿಂತುಹೋಯಿತು.

“ತುಟಿ ಅಲ್ಲಾಡ್ತಿತ್ತು ಅಂದ್ಯಾ?”

“ಹೂಂ.”

“ಉಮ್ ಸಾಯೆಲ್‌ನ ಕರಿ. ಸಾಕ್ಷಿ ಇರಲಿ.”

ಮೂವರೂ ಹೋಗಿ ಅಗೆದರು. ಉಮ್ ಸಾಯೆಲ್ ಕೂದಲು ಸುತ್ತಿದ ಬೊಂಬೆ ಬರುತ್ತದೆಂದು ಮೊದಲೇ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಬಂದದ್ದು ಕಪ್ಪು ಚೀಲ. ಅದರ ಪಕ್ಕ ಇನ್ನೊಂದು, ಅದರಡಿ ಮತ್ತೊಂದು. ಮೇಲಿನದನ್ನು ಅಮ್ಮ ಅಲ್ಲೇ ಬಿಚ್ಚಲಿಲ್ಲ. ಮಂಡಿ ನೋವನ್ನೂ ಮರೆತು, ಚೀಲ ಹಿಡಿದು ದಡದಡ ನಡೆದಳು. ಪ್ಲಾಸ್ಟಿಕ್ ಮನೆಯ ಎರಡು ಬಾಗಿಲನ್ನೂ ಒದ್ದು ತೆರೆದಳು. ಒಳಗೆ ಹನಾದಿ ಚಿಗುರು ಚಿವುಟುತ್ತಿದ್ದಳು.

“ಏನಿದು ಸಾಫಿ ಮಗಳೇ?”

ಹನಾದಿಯ ಕಣ್ಣು ಚೀಲದ ಮೇಲೆ ಬಿತ್ತು. “ಬಿಚ್ಚಬೇಡಿ ಅತ್ತೆ. ಇಲ್ಲಿ ಬಿಚ್ಚಬೇಡಿ, ಒಳಗೆ ನೊಣ ಇದಾವೆ.”

ಅಮ್ಮ ಗಂಟು ಬಿಚ್ಚಲಿಲ್ಲ, ಚೀಲವನ್ನೇ ಸೀಳಿದಳು. ಟೊಮೆಟೊ ಗಿಡ ಜಾರಿ ಬಿತ್ತು. ಎಲೆ ಹಳದಿಯಾಗಿದ್ದರೂ ದಂಟಿನ ಕೆಳಗೆ ಹಸಿರು ಕಾಯಿಗಳು ಇನ್ನೂ ಇದ್ದವು. ಅದರ ಜೊತೆಗೆ ಹಿಟ್ಟು ಊದಿದ ಹಾಗೆ ಒಂದಿಷ್ಟು ಬಿಳಿ ಪುಡಿ ಎದ್ದಿತು. ಎದ್ದದ್ದು ಕೆಳಗೆ ಬೀಳಲಿಲ್ಲ. ಅಲ್ಲಲ್ಲೇ ಸುಳಿದು ಹಸಿರು ಗಿಡಗಳ ಕಡೆ ಹೋಯಿತು. ರುವೈದಾ ಮಾತ್ರ ಅದು ಹೋದ ದಿಕ್ಕನ್ನು ನೋಡಿದಳು. ಉಳಿದವರು ಕಾಯಿ ನೋಡುತ್ತಿದ್ದರು.

“ಮಾಟ ಆಗಿದ್ರೆ ಶೇಖ್‌ರ ಹತ್ರ ಹೋಗಿ ತೆಗೆಸಬಹುದಿತ್ತು,” ಎಂದಳು ಉಮ್ ಸಾಯೆಲ್. “ಇದು ಅದಕ್ಕಿಂತ ಕೆಟ್ಟದ್ದು. ಫಲ ಹಿಡಿದ ಗಿಡ ಕಿತ್ತು ಹೂಳೋದು, ಎಂಥ ಮನಸು.”

“ಅದು ಕಾಯಿಲೆ ಗಿಡ. ಅದನ್ನ ಬಿಟ್ರೆ ಉಳಿದಿದ್ದಕ್ಕೂ ಹಬ್ಬತ್ತೆ,” ಹನಾದಿಯ ದನಿ ಸಣ್ಣಗಿತ್ತು. “ಚಳಿ ಇರೋವಾಗ ನೊಣ ಹಾರಲ್ಲ. ಅದಕ್ಕೆ ಬೆಳಿಗ್ಗೆ ಕಿತ್ತೆ. ಆ ಕತ್ತಲಲ್ಲೇ ಚಾಕು ತಾಗಿ ಬಲೆ ಹರಿದಿದ್ದು.”

“ಒಳ್ಳೆ ಕೆಲಸ ಮಾಡೋರು ಕದ್ದು ಯಾಕೆ ಮಾಡ್ತಾರೆ?” ಎಂದಳು ಅಮ್ಮ.

“ಹೆಸರು ಎತ್ತಬೇಡ ಅಂದ್ರಲ್ಲ ನೀವು.”

ಅಮ್ಮ ಸೀಳಿದ ಚೀಲವನ್ನು ಮುದ್ದೆ ಮಾಡಿ ಸೊಸೆಯ ಕಾಲಬಳಿ ಎಸೆದಳು.

ನವ್ವಾಫ್ ಮಧ್ಯಾಹ್ನ ಮಾರುಕಟ್ಟೆಯಿಂದ ಬಂದವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಯಾರ ಮುಖವನ್ನೂ ನೋಡದೆ ಬೀಜದಂಗಡಿಯ ಎಂಜಿನಿಯರಿಗೆ ಫೋನ್ ಮಾಡಿದ. ಕೃಷಿ ಓದಿದವರನ್ನೂ ಅಲ್ಲಿ ಎಂಜಿನಿಯರ್ ಎಂದೇ ಕರೆಯುವುದು. ಲುವಯ್ ಎಂಬ ಆ ತೆಳ್ಳನೆ ಮನುಷ್ಯ ಸಂಜೆಗೆ ಮುಂಚೆ ಬಂದು, ಸಾಲುಗಳ ನಡುವೆ ಬಗ್ಗಿ ಬಗ್ಗಿ ನೋಡಿ, ಎಲೆಗಳನ್ನು ಮಗುಚಿ ಮಗುಚಿ ನೋಡಿ, ಚಹಾಕ್ಕೆ ಕೂತ. ಎಲ್ಲರೂ ಬಾಗಿಲ ಒಳಗಿನ ಪೆಟ್ಟಿಗೆಗಳ ಸುತ್ತ ನಿಂತರು.

“ಮುಟುರು ರೋಗವೇ, ಸಂಶಯ ಇಲ್ಲ,” ಎಂದ. “ಇದಕ್ಕೆ ಔಷಧಿ ಅಂತ ಇಲ್ಲ. ಬಿಳಿನೊಣ ತರೋದು. ರೋಗದ ಗಿಡದ ರಸ ಹೀರತ್ತೆ, ಅದರ ಹೊಟ್ಟೆಯೊಳಗೆ ವೈರಸ್ ಸೇರತ್ತೆ. ನೊಣಕ್ಕೇನೂ ಆಗಲ್ಲ. ಆದ್ರೆ ಬದುಕಿರೋತನಕ ಯಾವ ಗಿಡಕ್ಕೆ ಬಾಯಿ ಇಡ್ತೋ ಆ ಗಿಡಕ್ಕೆಲ್ಲ ದಾಟಿಸ್ತಾ ಹೋಗತ್ತೆ. ಕಾಯಿಲೆ ಗಿಡ ಕಿತ್ತು ಚೀಲಕ್ಕೆ ಹಾಕಿರೋದು ಸರಿಯಾಗೇ ಮಾಡಿದೀರಿ. ಯಾರು ಮಾಡಿದ್ದು?”

ಅಮ್ಮ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಹನಾದಿ ನೆಲ ನೋಡಿದಳು.

“ಹಳದಿ ಅಂಟು ಹಾಳೆ ಇನ್ನೂ ಕಟ್ಟಿ,” ಎಂದ ಎಂಜಿನಿಯರ್. “ಹಳದಿ ಅಂದ್ರೆ ಈ ನೊಣಕ್ಕೆ ಪ್ರಾಣ. ಎಲ್ಲಿದ್ರೂ ಬಂದು ಕೂರತ್ತೆ.”

ಅಮ್ಮ ಚಹಾದ ಲೋಟ ಕೆಳಗಿಟ್ಟಳು. “ಹಳದಿ ಅಂದ್ರೆ ಪ್ರಾಣವಾ?”

“ಹೌದು ತಾಯಿ.”

“ಹಂಗಾದ್ರೆ ಇವಳ ತಲೆ ನೋಡಿ.”

ಎಲ್ಲರ ಕಣ್ಣೂ ಒಟ್ಟಿಗೆ ಅತ್ತ ತಿರುಗಿತು. ಹನಾದಿಯ ತಲೆವಸ್ತ್ರ ಹಣ್ಣಾದ ನಿಂಬೆಯ ಬಣ್ಣದ್ದು, ಮದುವೆಯ ಪೆಟ್ಟಿಗೆಯಲ್ಲಿ ಅವಳ ತಾಯಿ ಇಟ್ಟು ಕಳಿಸಿದ್ದು. ಪರಗಂಡಸು ಎದುರಿಗೆ ಕೂತಿರುವಾಗ ಅದನ್ನು ತೆಗೆಯುವ ಹಾಗಿಲ್ಲ, ಇಟ್ಟುಕೊಂಡರೆ ಅದೇ ಅಪರಾಧ. ಅವಳ ಕೈ ಒಮ್ಮೆ ಗಲ್ಲದ ಕೆಳಗಿನ ಪಿನ್ನಿನವರೆಗೆ ಹೋಗಿ ಅಲ್ಲೇ ನಿಂತಿತು. ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಅವಳು ಅಷ್ಟು ಜನರ ನಡುವೆ ನಿಂತಿರಬೇಕಾಯಿತು.

“ಬಟ್ಟೆಯಿಂದ ರೋಗ ಬರಲ್ಲ ತಾಯಿ,” ಎಂಜಿನಿಯರ್ ಗಂಟಲು ಸರಿಮಾಡಿಕೊಂಡ. “ಬಟ್ಟೆ ಮೇಲೆ ಒಂದೆರಡು ನೊಣ ಕೂತು ಬರಬಹುದು, ಅಷ್ಟೇ.”

“ಬರಬಹುದು ಅಂದ್ರಲ್ಲ, ಸಾಕು. ಒಂದು ನೊಣ ಬಂದ್ರೆ ಸಾಲದಾ? ಬಂದ ದಿನವೇ ಕಾಯಿಲೆ ಕಾಣತ್ತಾ?”

“ಇಲ್ಲ, ಎರಡು ಮೂರು ವಾರ ಹಿಡಿಯತ್ತೆ.”

ಅಮ್ಮ ಮಗನ ಕಡೆ ತಿರುಗಿದಳು. “ತನ್ನ ತಂಗಿ ನಿಶ್ಚಿತಾರ್ಥ ಅಂತ ಇವಳು ಸಾಫಿಗೆ ಹೋಗಿ ಬಂದಿದ್ದು ಯಾವಾಗ? ಲೆಕ್ಕ ಹಾಕು. ಅಪ್ಪನ ಹೊಲ ಸುತ್ತಿದಾಳೆ, ಅದೇ ಬಟ್ಟೇಲಿ ಬಂದು ಇಲ್ಲಿ ನಿಂತಿದಾಳೆ. ಬೇಕು ಅಂತ ತಂದ್ಲೋ, ಗೊತ್ತಿಲ್ದೆ ತಂದ್ಲೋ, ದೇವರಿಗೆ ಗೊತ್ತು. ಈ ಸೀಸನ್ ಮುಗಿಯೋವರೆಗೆ ಅವಳು ಈ ಬಾಗಿಲು ದಾಟಬಾರದು.”

ಲೆಕ್ಕ ಸರಿಯಾಗಿತ್ತು, ಹನಾದಿ ಹೋಗಿ ಬಂದ ಮೂರನೇ ವಾರಕ್ಕೆ ಮೊದಲ ಹಳದಿ ಕಂಡಿತ್ತು. ರುವೈದಾಳ ಮನಸ್ಸಿಗೂ ಅದು ಸರಿಯಾಗಿ ಕೂತಿತು. ಉಮ್ ಸಾಯೆಲ್ ನಿಟ್ಟುಸಿರು ಬಿಟ್ಟು ತಲೆಯಾಡಿಸಿದಳು. ಸಂಜೆಯೊಳಗೆ ಈ ಮಾತು ಓಣಿಯ ಕೊನೆ ಮುಟ್ಟುತ್ತದೆಂದು ಅದರರ್ಥ.

ನವ್ವಾಫ್ ಎದ್ದು ನಿಂತು, ಗಿಡ ಕಟ್ಟಿದ ದಾರವೊಂದನ್ನು ಎಳೆದು ಬಿಗಿ ನೋಡಿದ. “ಸ್ವಲ್ಪ ದಿನ ನಿಮ್ಮಪ್ಪನ ಮನೇಲಿರು ಹನಾದಿ,” ಎಂದ. “ಬಟ್ಟೆ ತಗೋ. ಬಿಟ್ಟು ಬರ್ತೀನಿ.”

“ಸ್ವಲ್ಪ ದಿನ ಅಂದ್ರೆ?”

ಅವನು ದಾರವನ್ನು ಮತ್ತೊಮ್ಮೆ ಎಳೆದ.

ಹೆಣ್ಣು ಮುನಿಸಿಕೊಂಡು ತಾನಾಗಿ ತವರಿಗೆ ಹೋದರೆ ಮರಳಲು ಒಂದು ದಾರಿ ಇರುತ್ತದೆ. ಗಂಡನೇ ಕೊಂಡುಹೋಗಿ ಬಿಟ್ಟರೆ, ಮತ್ತೆ ಕರೆತರಲು ಊರಿನ ಹಿರಿಯರನ್ನು ಕಟ್ಟಿಕೊಂಡು ಹೋಗಿ ಅವರು ಒಪ್ಪುವವರೆಗೆ ಅವಳ ಅಪ್ಪನ ಮನೆಯ ಕಾಫಿ ಮುಟ್ಟದೆ ಕೂತು, ತಪ್ಪು ನಮ್ಮದು ಎನ್ನಬೇಕು. ಎಷ್ಟೋ ಗಂಡಸರು ಹಾಗೆ ಹೋಗಿಲ್ಲ. ಎಷ್ಟೋ ಹೆಂಗಸರು ಅಲ್ಲೇ ಮುದುಕಿಯರಾಗಿದ್ದಾರೆ. ಅಲ್ಲಿದ್ದವರಿಗೆಲ್ಲ ಇದು ಗೊತ್ತಿತ್ತು. ಹನಾದಿಗೂ ಗೊತ್ತಿತ್ತು. ಅವಳು ಅಳಲಿಲ್ಲ, ಬಟ್ಟೆ ಕಟ್ಟಲು ಹೋದಳು.

ಎಂಜಿನಿಯರ್ ಹೊರಟಾಗ ಬಾಗಿಲ ಬಲೆ ಎತ್ತಿ ಹಿಡಿಯುವುದು ರುವೈದಾಳ ಪಾಲಿಗೆ ಬಂತು. ಒಳಬಾಗಿಲಿಗೂ ಹೊರಬಾಗಿಲಿಗೂ ನಡುವಿನ ಆ ಇಕ್ಕಟ್ಟಿನಲ್ಲಿ ಇಬ್ಬರೇ. ಗುರುತಿಲ್ಲದ ಗಂಡಸಿಗೆ ತಾನಾಗಿ ಅವಳು ಒಂದು ಮಾತೂ ಆಡಿದವಳಲ್ಲ.

“ಆ ನೊಣ... ಕುಡಿಯೋ ಗಿಡ... ಅದು ಹಳದಿ ಆಗಿರಲೇಬೇಕಾ?”

ಅವನು ತಿರುಗಿದ. “ಅಂದ್ರೆ?”

“ನೋಡೋಕೆ ಚೆನ್ನಾಗಿರೋ ಗಿಡದಲ್ಲೂ ರೋಗ ಇರತ್ತಾ?”

“ಇರತ್ತೆ. ಅದೇ ದೊಡ್ಡ ತಲೆನೋವು. ಎಷ್ಟೋ ಕಳೆಗಿಡದಲ್ಲಿ ವೈರಸ್ ಸುಮ್ನೆ ಕೂತಿರತ್ತೆ. ಎಲೆ ಹಸಿರಾಗೇ ಇರತ್ತೆ, ಗುರುತು ಸಿಗಲ್ಲ. ದತ್ತೂರಿ ಇದೆ, ಖುಬ್ಬೇಜ ಇದೆ, ಇನ್ನೂ ಬೇಕಾದಷ್ಟಿದೆ. ಸುತ್ತಮುತ್ತ ಇದ್ರೆ ಕಿತ್ತು ಹಾಕಿ.” ಅವನು ಬೂಟಿನ ಮಣ್ಣು ಕೆರೆದು ಹೋದ.

ರುವೈದಾ ಬಲೆ ಹಿಡಿದ ಕೈ ಇಳಿಸುವುದನ್ನು ಮರೆತಳು.

ಪಿಕಪ್ ಗಾಡಿ ಶುರುವಾದ ಸದ್ದಿಗೆ ಓಡಿದಳು. ಹನಾದಿ ಮುಂದಿನ ಸೀಟಿನಲ್ಲಿ ಗಂಟು ಮಡಿಲಲ್ಲಿಟ್ಟು ಕೂತಿದ್ದಳು. ತಲೆಗೆ ಈಗ ಕಪ್ಪು ವಸ್ತ್ರ. ನವ್ವಾಫ್ ಟಯರು ಒದ್ದು ನೋಡಲು ಹಿಂದೆ ಹೋಗಿದ್ದ. ರುವೈದಾ ಕಿಟಕಿಯ ಬಳಿ ಬಂದಳು.

ಮಾತಾಡಿದವಳು ಹನಾದಿ. “ಟ್ಯಾಂಕ್ ಹಿಂದೆ ನಿಂತಿದ್ದೆ ಅಲ್ವಾ? ಕಾಲು ಕಾಣ್ತಿತ್ತು ಕಣೇ.”

ರುವೈದಾ ಕಿಟಕಿಯ ಅಂಚು ಹಿಡಿದು ನಿಂತಳು.

“ಒಳಗೆ ಬರ್ತೀಯೇನೋ ಅನ್ಕೊಂಡೆ. ಬಂದಿದ್ರೆ ಚೀಲದ ಬಾಯಿ ಹಿಡ್ಕೊಳ್ಳೋಕೆ ಒಬ್ಬರು ಆಗ್ತಿದ್ರು.” ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. “ಚೀಲ ಮೊದಲು ಮೇಲಿಂದ ಹಾಕು. ಆಮೇಲೆ ಕೊಯ್ಯಿ. ಉಲ್ಟಾ ಮಾಡಿದ್ರೆ ಎಲ್ಲ ಹಾರಿಹೋಗತ್ತೆ.”

ಗಾಡಿ ಹೊರಟಿತು.

ಮುಂದಿನ ದಿನಗಳಲ್ಲಿ ರುವೈದಾ ಬೆಳಗಿನ ಚಳಿಯಲ್ಲಿ ಗಿಡ ಕಿತ್ತಳು, ಅತ್ತಿಗೆ ಹೇಳಿದ ಹಾಗೇ. ಈಗ ಯಾರೂ ಅದನ್ನು ಮಾಟ ಎನ್ನಲಿಲ್ಲ. ಕೀಳುತ್ತ ಕೀಳುತ್ತ ಅವಳಿಗೆ ಒಂದು ಸಂಗತಿ ಕಂಡಿತು. ಸಾಫಿಯಿಂದ ಬಂದ ವಾರವಿಡೀ ಹನಾದಿ ಕೆಲಸ ಮಾಡಿದ್ದು ಆ ತುದಿಯಲ್ಲಿ, ಪಂಪಿನ ಪಕ್ಕದ ಸಾಲುಗಳಲ್ಲಿ. ಈ ಕಡೆ ದಾರ ಕಟ್ಟಿದ್ದು ತಾನು. ಪಂಪಿನ ಬಳಿಯ ಗಿಡಗಳು ಇವತ್ತಿಗೂ ಹಸಿರಾಗಿ ತಲೆಯೆತ್ತಿ ನಿಂತಿವೆ. ಹಳದಿ ಶುರುವಾದದ್ದು ಬಾಗಿಲಲ್ಲಿ. ಅಲ್ಲಿ ಬೋರಲು ಹಾಕಿದ ಎರಡು ತರಕಾರಿ ಪೆಟ್ಟಿಗೆ. ಅವುಗಳ ಸುತ್ತ ಒಣಗಿದ ಖುಬ್ಬೇಜ ದಂಟುಗಳ ರಾಶಿ. ಯಾರೋ ಕೂತಲ್ಲಿಂದಲೇ ಕೈಬೀಸಿ ನೀರು ಚಿಮುಕಿಸಿದ ಹಾಗೆ ರೋಗ ಆ ಪೆಟ್ಟಿಗೆಗಳ ಸುತ್ತಲೂ ಬಿದ್ದಿತ್ತು.

ಸಂಶಯ ಈಗ ತಿರುಗಿ ತನ್ನ ಮನೆಯ ಹಿರಿಯಳ ಕಡೆಗೇ ನಿಂತಿತು. ರುವೈದಾಳಿಗೆ ಅದನ್ನು ಒಪ್ಪಲು ಮನಸ್ಸಿರಲಿಲ್ಲ. ಕಾಲುವೆಯ ದಂಡೆಗೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಎಲೆ ಮಗುಚಿದಳು. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಸದ್ಯ, ಎಂದುಕೊಂಡಳು. ಇನ್ನೊಂದು ಮಗುಚಿದಳು. ನರಗಳ ಮಡಿಕೆಯಲ್ಲಿ ಅಕ್ಕಿನುಚ್ಚಿನಂತೆ ಬಿಳಿ ಬಿಳಿ ಕೂತಿತ್ತು. ಉಸಿರು ತಾಗಿದ್ದಕ್ಕೇ ಒಂದೆರಡು ಎದ್ದು ಸುಳಿದು, ಮತ್ತೆ ಅಲ್ಲೇ ಕೂತವು. ಎಲೆ ಮಾತ್ರ ಹಸಿರು, ಕೊಬ್ಬಿದ ಹಸಿರು, ಒಂದು ಕಲೆ ಇಲ್ಲ.

ಶುಕ್ರವಾರದ ಊಟಕ್ಕೆ ಅಮ್ಮ ಖುಬ್ಬೇಜವನ್ನೇ ಮಾಡಿದ್ದಳು, ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಕೆಂಪಗೆ ಹುರಿದು. ಉಮ್ ಸಾಯೆಲ್ ನಿಂಬೆಹಣ್ಣು ತಂದು ಊಟಕ್ಕೇ ಉಳಿದಿದ್ದಳು. ನಾಲ್ವರೂ ಒಂದೇ ತಟ್ಟೆಯ ಸುತ್ತ ಕೂತರು. ಹನಾದಿ ಕೂರುತ್ತಿದ್ದ ಜಾಗವನ್ನು ಯಾರೂ ತುಂಬಿರಲಿಲ್ಲ, ತುಸು ಸರಿದು ಕೂತರೆ ತುಂಬುತ್ತಿತ್ತು.

“ಸೊಸೆ ಹೋದ್ಮೇಲೆ ಹೊಸದಾಗಿ ಎಷ್ಟು ಗಿಡಕ್ಕೆ ಬಂತು?” ಎಂದು ಉಮ್ ಸಾಯೆಲ್ ಕೇಳಿದಳು.

“ಬರ್ತಾನೇ ಇದೆ,” ಎಂದ ನವ್ವಾಫ್.

“ಬಿಟ್ಟು ಹೋಗಿರೋದು ತೀರಬೇಕಲ್ಲ,” ಎಂದಳು ಅಮ್ಮ.

ರುವೈದಾ ಎದ್ದು ಹೋಗಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎಲೆಯನ್ನು ತಂದು, ತಟ್ಟೆಯ ಪಕ್ಕ ಬೆನ್ನು ಮೇಲಾಗಿ ಇಟ್ಟಳು. ನಿಂತೇ ಮಾತಾಡಿದಳು, ಕೂತರೆ ದನಿ ಹೊರಡುವುದಿಲ್ಲವೆಂದು.

“ಇದು ಖುಬ್ಬೇಜ. ಕಾಲುವೆ ದಂಡೇದು. ಅಡಿಯಲ್ಲಿ ನೋಡಿ. ಇದರಲ್ಲಿ ರೋಗ ಇದ್ರೂ ಎಲೆ ಹಸಿರಾಗೇ ಇರತ್ತಂತೆ, ಎಂಜಿನಿಯರ್ ಹೇಳಿದ್ರು, ನಾನೇ ಕೇಳ್ದೆ. ನೀವು ಇದನ್ನ ಒಳಗೆ ತಂದು ಬಿಡಿಸ್ತೀರಿ. ಕೊಡವಿದಾಗ ನೊಣ ಏಳತ್ತೆ, ಟೊಮೆಟೊ ಮೇಲೆ ಕೂರತ್ತೆ. ರೋಗ ನಿಮ್ ಪೆಟ್ಟಿಗೆ ಸುತ್ತಾನೇ ಇದೆ ಅಮ್ಮ. ಅತ್ತಿಗೆ ಕೆಲಸ ಮಾಡಿದ ಕಡೆ ಇಲ್ಲ. ಪಂಪ್ ಹತ್ರ ಒಂದು ಗಿಡಕ್ಕೂ ಇಲ್ಲ.”

ಅಷ್ಟು ಮಾತು ಅವಳು ಒಂದೇ ಸಲಕ್ಕೆ ಆಡಿದ್ದನ್ನು ಆ ಮನೆ ಕೇಳಿರಲಿಲ್ಲ. ಉಮ್ ಸಾಯೆಲ್ ಬಾಯಿಗೆ ಹೊರಟ ತುತ್ತನ್ನು ನಡುವೆಯೇ ನಿಲ್ಲಿಸಿ, ತುತ್ತನ್ನೂ ನೋಡಿದಳು, ಎಲೆಯನ್ನೂ ನೋಡಿದಳು.

“ನನ್ನತ್ತೇನೂ ಅಲ್ಲೇ ಕೂತು ಬಿಡಿಸ್ತಿದ್ರು,” ಎಂದಳು ಅಮ್ಮ.

“ಆಗಲೂ ರೋಗ ಬರ್ತಿತ್ತಲ್ಲ,” ಎಂದ ನವ್ವಾಫ್, ತನಗೇ ಹೇಳಿಕೊಂಡಂತೆ. “ಅಪ್ಪ ಇರೋವಾಗ ನರ್ಸರಿಯವರ ಸಸಿಯನ್ನ ಬೈತಿದ್ರು.”

“ದೇವರು ಕೊಟ್ಟ ಸೊಪ್ಪು. ಬಡವರ ಊಟ. ಅದರ ಮೇಲೆ ಹೊರಿಸ್ತೀಯಾ?” ಅಮ್ಮನ ಕಣ್ಣು ಮಗಳನ್ನು ಮೇಲಿನಿಂದ ಕೆಳಗೆ ಅಳೆಯಿತು, ಇಷ್ಟು ದಿನ ಸೊಸೆಯನ್ನು ಅಳೆದ ಅದೇ ಅಳತೆ. “ಹೋಗ್ವಾಗ ಅವಳು ಗಾಡಿ ಕಿಟಕಿ ಹತ್ರ ನಿಂಗೆ ಏನೋ ಊದಿದ್ಲಲ್ಲ. ಏನು ಊದಿದ್ಲು?”

“ಚೀಲ ಮೊದಲು ಮೇಲಿಂದ ಹಾಕು ಅಂದ್ಲು.”

“ಅಷ್ಟೇನಾ?”

“ಅಷ್ಟೇ.”

ಅಮ್ಮ ಎಲೆಯನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು. ದೂರ ಹಿಡಿದಳು. ಹೆಬ್ಬೆರಳಿನಿಂದ ಅದರ ಬೆನ್ನು ಸವರಿದಳು. ಹೆಬ್ಬೆರಳಿಗೆ ಮೆತ್ತಿದ ಬಿಳಿಯನ್ನು ಉಳಿದ ಬೆರಳುಗಳಿಗೆ ತಿಕ್ಕಿ, ಮತ್ತೆ ನೋಡಿದಳು. ಎಲೆಯನ್ನು ಮಗುಚಿ, ಹಸಿರು ಬದಿ ಮೇಲಾಗಿ ಚಾಪೆಯ ಮೇಲಿಟ್ಟಳು.

ನವ್ವಾಫ್ ರೊಟ್ಟಿ ಮುರಿದ. ಮುರಿದದ್ದನ್ನು ಇನ್ನೂ ಸಣ್ಣಗೆ ಮುರಿದ. ತಿನ್ನಲಿಲ್ಲ.

“ಅಣ್ಣ,” ಎಂದಳು ರುವೈದಾ, “ಹಿರಿಯರನ್ನ ಕರ್ಕೊಂಡು ಸಾಫಿಗೆ ಹೋಗು. ಅತ್ತಿಗೇನ ಮನೆಗೆ ಕರ್ಕೊಂಡು ಬಾ.”

ಉಮ್ ಸಾಯೆಲ್ ನಿಂಬೆಯ ಹೋಳನ್ನು ಹಿಂಡಿದಳು. ಅಮ್ಮ ತಟ್ಟೆಯನ್ನು ಮಗನ ಕಡೆಗೆ ಸರಿಸಿದಳು. ನವ್ವಾಫ್ ತಲೆ ಎತ್ತಲಿಲ್ಲ. ರುವೈದಾ ನಿಂತೇ ಇದ್ದಳು.